ತೂಕ ಸರಿಯಾಗಿದೆ

ಪೆರ್ಲದ ಡಾಕ್ಟರು ಬರೆದುಕೊಟ್ಟದ್ದು ಆವಿ ಎಳೆಯುವ ಮಿಷನು.
ಮೂವತ್ತೊಂದು ವರ್ಷ ಮುರಕಲ್ಲಿನ ಕೋರೆಯಲ್ಲಿ ನುಂಗಿದ ಹುಡಿ
ಎದೆಯಲ್ಲಿ ಕೂತಿದೆ, ಏಳೆಂದರೆ ಏಳುವುದಿಲ್ಲ,
ಬಾಡಿಗೆ ಕೊಡದ ಬಿಡಾರದವನ ಹಾಗೆ.

ಅಂಗಡಿಯಲ್ಲಿ ಎರಡು ಸಾವಿರದ ನಾನೂರು. ಫೋನಿನಲ್ಲಿ
ಸಾವಿರದ ಮುನ್ನೂರ ಐವತ್ತು. ಆಚೆಮನೆಯ ಮಿಸ್ರಿಯ
ಅವಳ ಫೋನಿನಲ್ಲೇ ಒತ್ತಿಕೊಟ್ಟಳು, ದುಡ್ಡೂ ಅವಳದೇ.
ಮೊದಲು ಉಸಿರಾಡಿ ಅಣ್ಣ, ಎಂದಳು, ಲೆಕ್ಕ ಆಮೇಲೆ.

ಆರು ದಿನ, ಪೆಟ್ಟಿಗೆ ಎಲ್ಲಿಗೆ ಮುಟ್ಟಿತೆಂದು
ಬೇಲಿಯಾಚೆಯಿಂದ ಓದಿ ಹೇಳುತ್ತಿದ್ದಳು:
ಗುರುಗ್ರಾಮ ಬಿಟ್ಟಿತು. ನಾಗಪುರದಲ್ಲಿ ಮಲಗಿತು.
ತಲಪಾಡಿಯ ಗೇಟು ದಾಟಿ ಸೀತಾಂಗೋಳಿಗೆ ಬಂತು.
ನಾನು ನೋಡದ ಊರುಗಳನ್ನೆಲ್ಲ ನೋಡಿ ಬರುತ್ತಿದೆಯಲ್ಲ ಎಂದು
ಅದರ ಮೇಲೆ ಒಂದು ತರಹದ ಗೌರವ ಹುಟ್ಟಿತ್ತು.

ಬೈಕಿನಲ್ಲಿ ತಂದವನು ತನಿಯಪ್ಪನ ಮಗ ಲಿಖಿತ.
ಹೆಲ್ಮೆಟ್ ತೆಗೆಯಲಿಲ್ಲ. ನಂಬರು ಹೇಳಿ ಎಂದ.
ಹೇಳಿದೆ. ಮಳೆ ಬರುವ ಹಾಗಿದೆ ಎಂದು ಹೋದ.
ಮಳೆ ಬರಲಿಲ್ಲ.

ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್,
ಅದರೊಳಗೆ, ಮಿಂದ ಮಗುವನ್ನು ಸುತ್ತಿದಷ್ಟು ನಾಜೂಕಾಗಿ,
ಒಂದು ಮುರಕಲ್ಲು.

ಮಿಸ್ರಿಯ ಬ್ಯಾರಿಯಲ್ಲಿ ಬೈದಳು, ಸಾಲದೆ ತುಳುವಿನಲ್ಲಿ ಬೈದಳು.
ನನಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು.
ಒಳಗಿದ್ದದ್ದು ಸಾಲದೆಂದು
ಬಾಕಿಯನ್ನೂ ಮನೆಗೆ ಮುಟ್ಟಿಸಿದ್ದಾರೆ ಮಾರಾಯ್ತಿ,
ಡೆಲಿವರಿ ಚಾರ್ಜು ಇಲ್ಲದೆ.

ಫೋನು ಮಾಡಿದೆವು. ಹಿಂದಿ ಬಂತು. ಮಲಯಾಳ ಬಂತು.
ಕನ್ನಡಕ್ಕೆ ಐದು ಒತ್ತಿ ಎಂದಿತು; ಒತ್ತಿದರೆ
ಹಾಡು. ಹಾಡು ಮುಗಿದ ಮೇಲೆ ಪುನಃ ಹಿಂದಿ.
ಫೋಟೋ ಕಳಿಸಿ. ಕಳಿಸಿದೆವು.
ಮೂರನೆಯ ದಿನ ಉತ್ತರ: ನಂಬರು ನೀವೇ ಹೇಳಿದ್ದೀರಿ.
ಹೊರಟಾಗ ಒಂದು ಕಿಲೋ ಇನ್ನೂರ ಎಂಬತ್ತು ಗ್ರಾಮು,
ತಲುಪಿದಾಗ ಒಂದು ಕಿಲೋ ಇನ್ನೂರ ಎಂಬತ್ತು ಗ್ರಾಮು.
ತೂಕ ಸರಿಯಾಗಿದೆ. ದೂರು ಮುಗಿದಿದೆ.

ಆ ಸರಿಯಾದದ್ದೇ ನನ್ನನ್ನು ರಾತ್ರಿ ಎಬ್ಬಿಸಿತು.

ಕಲ್ಲನ್ನು ದೀಪದ ಕೆಳಗಿಟ್ಟು ನೋಡಿದೆ.
ಗುರುಗ್ರಾಮಕ್ಕೆ ಮುರಕಲ್ಲು ಎಲ್ಲಿಂದ ಬರಬೇಕು?
ಬಾಯಾರಿನದಕ್ಕೆ ಹಳದಿ ಜಾಸ್ತಿ. ಇದಕ್ಕೆ
ಅರಶಿನದ ಗೆರೆ ಒಂದೇ, ತೂತುಗಳಲ್ಲಿ ಬಿಳಿ ಜೇಡಿ:
ನಮ್ಮದೇ ಕೋರೆ, ಮೂರನೆಯ ಮೆಟ್ಟಿಲು,
ನೀರು ಸಿಕ್ಕುವುದಕ್ಕೆ ಸ್ವಲ್ಪ ಮೇಲಿನ ಪದರ.
ಅಂಚೆಯ ಮುದ್ರೆಯೂ ಇಷ್ಟು ಸ್ಪಷ್ಟ ಬೀಳುವುದಿಲ್ಲ.

ಯಾರೋ ಒಡೆದು ತುರುಕಿದ್ದಲ್ಲ. ಕೆತ್ತಿದ್ದು.
ತೂಗಿ, ಇಷ್ಟು ಕೆತ್ತಿ, ಪುನಃ ತೂಗಿ, ಇನ್ನೊಂದಿಷ್ಟು.
ಈಗೆಲ್ಲ ಮಿಷನಿನ ಗರಗಸ; ಕೈಗೊಡಲಿ ಹಿಡಿಯಲು ಯಾರಿಗೆ ಬರುತ್ತದೆ?
ಏಟುಗಳೆಲ್ಲ ಎಡದಿಂದ ಬಲಕ್ಕೆ ಇಳಿದಿವೆ.
ಬಲಗೈಯವನು ಹಾಗೆ ಹೊಡೆಯಲಾರ.
ಕೋರೆಯಲ್ಲಿ ಎಡಚನೆಂದು ಕರೆಸಿಕೊಂಡವನು ತನಿಯಪ್ಪ ಒಬ್ಬನೇ.
ಅವನು ಹೋಗಿ ನಾಲ್ಕು ವರ್ಷ, ಇದೇ ಹುಡಿ.
ಶಾಲೆಗೆ ರಜೆ ಬಂದರೆ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು
ಚೂರು ಕಲ್ಲುಗಳಿಗೆ ಚೌಕ ಕಲಿಸುತ್ತಿತ್ತು ಒಂದು ಹುಡುಗ.

ಇದು ಸಾಕ್ಷಿಯಲ್ಲ. ಸೀತಾಂಗೋಳಿಯ ಆ ಶೆಡ್ಡಿನಲ್ಲಿ
ಎಷ್ಟು ಕೈ, ಅದರಲ್ಲಿ ಎಷ್ಟು ಎಡಗೈ, ನನಗೆಂತ ಗೊತ್ತು.

ಗುರುವಾರ ಪೇಟೆಯಲ್ಲಿ, ಚಾದಂಗಡಿಯ ಮುಂದೆ
ಅವನ ಬೈಕಿತ್ತು, ಬೆನ್ನಿನ ಚೀಲ ತುಂಬ ಯಾರ್ಯಾರದೋ ಪೆಟ್ಟಿಗೆ.
ನಾನು ಸಂಚಿಯಿಂದ ಕಲ್ಲು ತೆಗೆದು ಹಿಡಿದೆ.
"ಕೆತ್ತಿದ್ದು ಚೆನ್ನಾಗಿದೆ," ಎಂದೆ. "ಈ ಒಂದು ಮೂಲೆ ಹಾರಿದೆ.
ನಿನ್ನ ಅಪ್ಪನಾದರೆ ವಾಪಸು ಕೋರೆಗೇ ಎಸೆಯುತ್ತಿದ್ದ."

ಅವನು ಎಡಗೈ ಚಾಚಿದ.
ಮತ್ತೆ, ಹಿರಿಯರ ಕೈಯಿಂದ ತೆಗೆದುಕೊಳ್ಳುವುದಲ್ಲವೇ ಎಂದು
ಅದನ್ನು ಹಿಂದಕ್ಕೆಳೆದು, ಪ್ಯಾಂಟಿಗೆ ಒರೆಸಿ,
ಬಲಗೈ ಚಾಚಿದ.